‘ನಮ್ಮ ಟ್ಯಾಕ್ಸ್ ರೊಕ್ಕ ಅವ್ರಿಗ್ಯಾಕ’ ಅನ್ನೋ ಪ್ರಶ್ನೆಗೆ ನೀವ ಉತ್ತರ ಹುಡುಕೋದು ಹೆಂಗ

ಗಂಗಾವತಿ ಇರ್ಲಿ ಸಿಂಧನೂರ ಇರ್ಲಿ ಬಳ್ಳಾರಿ ಇರ್ಲಿ, ಚಾದಂಗಡಿ ಮುಂದ ನಾಕ್ ಮಂದಿ ಕುಂತ್ರ ಈ ಮಾತು ಬಂದ ಬರ್ತೈತಿ. 2023ರ ಜೂನ್ 11ಕ್ಕ ಹೆಣ್ಮಕ್ಕಳಿಗೆ ಬಸ್ ಫ್ರೀ ಆದಾಗಿಂದಂತೂ ಇದು ನಿಂತೇ ಇಲ್ಲ, ‘ನಾವು ದುಡದು ಟ್ಯಾಕ್ಸ್ ಕಟ್ಟೋದು, ಇನ್ಯಾರೋ ಕುಂತು ತಿನ್ನೋದು’ ಅಂತ ಒಬ್ರು, ‘ಬಡವರಿಗೆ ಕೊಟ್ರ ನಿಮಗ್ಯಾಕ ಹೊಟ್ಟಿ ಉರಿ’ ಅಂತ ಇನ್ನೊಬ್ರು, ಅಲ್ಲಿಗೆ ಮುಗೀತು, ಇಬ್ರೂ ಸಿಟ್ಟಿನಾಗ ಎದ್ದು ಹೋಗ್ತಾರ. ಪ್ರಶ್ನೆ ಸಣ್ಣದಲ್ರಿ. ಒಬ್ಬರ ಜೇಬಿನಿಂದ ಕಾನೂನಿನ ಬಲದಾಗ ತಗೊಂಡು ಇನ್ನೊಬ್ಬರ ತಾಟಿಗೆ ಹಾಕೋದು ನ್ಯಾಯಾನೋ ಅನ್ಯಾಯಾನೋ ಅನ್ನೋದನ್ನ ಒಂದ್ ಪೆನ್ನು ಒಂದ್ ಹಾಳಿ ಹಿಡಕೊಂಡು ಕುಂತು ನೋಡ್ಬೇಕು. ನನ್ನ ಅಭಿಪ್ರಾಯ ಮೊದ್ಲ ಹೇಳಿಬಿಡ್ತೀನಿ: ತಗೊಳ್ಳೋದು ನ್ಯಾಯ, ಆದ್ರ ಯಾರಿಂದ ಎಷ್ಟು ತಗೊಂಡ್ರಿ ಮತ್ತ ಲೆಕ್ಕ ಕೊಟ್ರೋ ಇಲ್ಲೋ ಅನ್ನೋದು ಆ ನ್ಯಾಯದ ಅರ್ಧ ಭಾಗ. ನೀವು ಒಪ್ಪಬೇಕಂತೇನಿಲ್ಲ, ಕೆಳಗಿನ ಕೆಲಸ ಮಾಡಿ ನೋಡ್ರಿ, ಆಮ್ಯಾಲ ನಿಮ್ಮ ಉತ್ತರ ನಿಮ್ಮದು.

ಮೊದಲನೇ ಕೆಲಸ, ಪ್ರಶ್ನೆಗಳನ್ನ ಬಿಡಿಸೋದು. ಜನ ಒಂದೇ ಉಸಿರಿನಾಗ ನಾಕ್ ಪ್ರಶ್ನೆ ಕೇಳ್ತಾರ. ಸರ್ಕಾರ ತೆರಿಗೆ ತಗೊಳ್ಳೋದೇ ತಪ್ಪೇನು? ತಗೊಂಡಿದ್ದನ್ನ ಬಡವರ ಊಟ, ಔಷಧ, ಓದಿಗೆ ಹಾಕೋದು ತಪ್ಪೇನು? ಈ ಒಂದು ಸ್ಕೀಮು ಸರಿಯಾಗಿ ನಡದೈತೇನು? ಯಾರಿಂದ ಎಷ್ಟು ತಗೋಬೇಕು? ಇವನ್ನ ಹಾಳಿ ಮ್ಯಾಲ ಬ್ಯಾರೆ ಬ್ಯಾರೆ ಬರೀರಿ. ಕಾರು ಇಟ್ಟವರ ಮನ್ಯಾಗ ಬಿಪಿಎಲ್ ಕಾರ್ಡ್ ಐತಿ ಅಂದ್ರ ಅದು ಮೂರನೇ ಪ್ರಶ್ನೆಗೆ ಸಾಕ್ಷಿ, ಎರಡನೇದಕ್ಕಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಜಗಳ ಹುಟ್ಟೋದೇ ಇವನ್ನ ಒಂದರಾಗೊಂದು ಕಲಸಿದ್ದರಿಂದ.

ಎರಡನೇದು ನಿಮ್ಮ ಮನಿ ತಿಂಗಳ ತೆರಿಗೆ ಲೆಕ್ಕ ಹಾಕೋದು. ಇದನ್ನ ಮಾತ್ರ ಬಿಡಬ್ಯಾಡ್ರಿ, ಯಾಕಂದ್ರ ‘ಟ್ಯಾಕ್ಸ್ ಕಟ್ಟೋರು ನಾವು, ತಗೊಳ್ಳೋರು ಅವರು’ ಅನ್ನೋ ಮಾತು ಇಲ್ಲೇ ಬೀಳ್ತೈತಿ. ಇನ್‌ಕಮ್ ಟ್ಯಾಕ್ಸ್ ಕಟ್ಟೋರು ಕಡಿಮಿ, ಅದು ನಿಜ, 2025-26ರಿಂದ ಹೊಸ ಪದ್ಧತಿಯೊಳಗ ವರ್ಷಕ್ಕ 12 ಲಕ್ಷದ ತನಕ ಆದಾಯ ಇದ್ದವರಿಗೂ ಟ್ಯಾಕ್ಸ್ ಬೀಳಂಗಿಲ್ಲ, ಅಂದ್ರ ಸ್ಕೀಮಿನ ಮ್ಯಾಲ ಬೈಯೋ ಎಷ್ಟೋ ಮಂದಿನೂ ಅದನ್ನ ಕಟ್ಟಂಗಿಲ್ಲ. ಆದ್ರ 2017ರ ಜುಲೈ 1ರಿಂದ ಬಂದ ಜಿಎಸ್‌ಟಿ ಅಂಗಡಿಗೆ ಹೋದ ಎಲ್ಲರ ಕಡಿಂದನೂ ತಗೊಳ್ತೈತಿ, ಕೂಲಿ ಹೆಣ್ಮಗಳ ಕಡಿಂದನೂ. ಲೆಕ್ಕ ಹಾಕೋದು ಸುಲಭ: ನೀವು ಕೊಟ್ಟ ರೇಟನ್ನ ತೆರಿಗೆ ಶೇಕಡಾದಿಂದ ಗುಣಿಸಿ, ನೂರಕ್ಕ ಆ ಶೇಕಡಾ ಕೂಡಿಸಿದ ಸಂಖ್ಯೆಯಿಂದ ಭಾಗಿಸ್ರಿ. ಮೊಬೈಲ್ ರೀಚಾರ್ಜಿಗೆ 18 ಪರ್ಸೆಂಟ್, ಅಂದ್ರ 299 ರೂಪಾಯಿ ಹಾಕಿಸಿದ್ರ 299 ಗುಣಿಸು 18 ಭಾಗಿಸು 118, ಬರೋದು 45 ರೂಪಾಯಿ 61 ಪೈಸೆ. ಪ್ಯಾಕೆಟ್ ಎಣ್ಣಿ, ಚಾಪುಡಿ, ಸಕ್ರಿಗೆ 5 ಪರ್ಸೆಂಟ್. ಮೈ ಸೋಪು, ಪೇಸ್ಟು, ತಲಿಗೆ ಹಚ್ಚೋ ಎಣ್ಣಿ ಇವಕ್ಕ 18 ಇತ್ತು, 2025ರ ಸೆಪ್ಟೆಂಬರ್ 22ರಿಂದ 5ಕ್ಕ ಇಳೀತು, ಒಳ್ಳೇದಾತು. ಹಾಲು, ಸಂತ್ಯಾಗ ಬಿಡಿಯಾಗಿ ತಗೊಂಡ ಜ್ವಾಳ ಇವಕ್ಕ ತೆರಿಗೆ ಇಲ್ಲ, ಅದನ್ನೂ ಬರೀರಿ, ಲೆಕ್ಕ ಅಂದ್ಮ್ಯಾಲ ಎರಡೂ ಕಡೀದು ಇರ್ಬೇಕು. ಪೆಟ್ರೋಲು, ಡೀಸೆಲ್ಲು, ಮದ್ಯ ಜಿಎಸ್‌ಟಿ ಹೊರಗ ಅದಾವ, ಆದ್ರ ತೆರಿಗೆ ಅಲ್ಲೇ ಜಾಸ್ತಿ. ಪೆಟ್ರೋಲಿನ ರಾಜ್ಯ ತೆರಿಗೆ 2024ರ ಜೂನಿನಾಗ 29.84 ಪರ್ಸೆಂಟಿಗೆ ಏರ್ತು, ನೂರು ರೂಪಾಯಿ ಪೆಟ್ರೋಲ್ ಹಾಕಿಸಿದ್ರ ರಾಜ್ಯಕ್ಕ 20 ರೂಪಾಯಿಗಿಂತ ಜಾಸ್ತಿ ಹೋಗ್ತೈತಿ, ಕೇಂದ್ರದ ಎಕ್ಸೈಸ್ ಅದರ ಮ್ಯಾಲ ಬ್ಯಾರೆ.

ಈಗ ಇದೇ ಲೆಕ್ಕನ ಎರಡು ಮನಿಗೆ ಹಾಕ್ರಿ, ಒಂದು ತಿಂಗಳಿಗೆ 12 ಸಾವಿರ ಬರೋ ಮನಿ, ಇನ್ನೊಂದು ಒಂದೂವರಿ ಲಕ್ಷ ಬರೋ ಮನಿ. ರೀಚಾರ್ಜಿನ 45 ರೂಪಾಯಿ ಇಬ್ಬರಿಗೂ ಅಷ್ಟ. ಆದ್ರ ಮೊದಲನೇ ಮನಿಯವರು ಬಂದದ್ದೆಲ್ಲ ಅಂಗಡಿಗೇ ಹಾಕ್ತಾರ, ಎರಡನೇ ಮನಿಯವರು ಅರ್ಧಕ್ಕಿಂತ ಜಾಸ್ತಿ ಉಳಸಿ ಸೈಟೋ ಬಂಗಾರಾನೋ ತಗೊಳ್ತಾರ. ಆದಾಯಕ್ಕ ಹೋಲಿಸಿದ್ರ ಸಾಮಾನಿನ ಮ್ಯಾಲಿನ ತೆರಿಗೆ ಬಡವರಿಗೇ ಭಾರ. ಹತ್ತಿ ಬಿಡಸಾಕ ಹೋಗೋ ಹೆಣ್ಮಗಳು ಬಸ್ಸಿನಾಗ ಝೀರೋ ಟಿಕೆಟ್ ತಗೊಂಡ್ರ ಅಕಿ ತಗೊಳ್ಳೋದರಾಗ ಅಕಿ ಕಟ್ಟಿದ್ದೂ ಐತಿ. ಈ ಹಾಳಿ ಮುಗಿಸಿದ ಮ್ಯಾಲ ‘ಕಟ್ಟೋರು, ತಿನ್ನೋರು’ ಅಂತ ಎರಡು ಜಾತಿ ಮಾಡಾಕ ನಿಮಗ ಮನಸ್ಸು ಬರಂಗಿಲ್ಲ ಅಂತ ನಾನು ನಂಬೀನಿ.

ಮೂರನೇದು, ಎದುರಿನವರ ವಾದನ ಅವರಿಗಿಂತ ಗಟ್ಟಿಯಾಗಿ ಬರೀರಿ. ‘ಜನ ಸೋಮಾರಿ ಆಗ್ತಾರ’ ಅನ್ನೋದು ಗಟ್ಟಿ ವಾದ ಅಲ್ಲ, ನಾಟಿ ಟೈಮಿನಾಗ ಕಾರಟಗಿ ಕಡಿ ಗದ್ದಿಗೆ ಹೋಗಿ ನೋಡಿದವರು ಆ ಮಾತು ಆಡಬಾರದು. ಗಟ್ಟಿ ವಾದ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಾಗ ಹೇಳಿದ್ದು. ನನ್ನ ದುಡಿಮೆ ಕೂಲಿ ಮ್ಯಾಲ ತೆರಿಗೆ ಹಾಕೋದು ನನ್ನ ಕಡಿಂದ ಅಷ್ಟು ತಾಸು ಒತ್ತಾಯದ ದುಡಿಮೆ ಮಾಡಿಸಿದಂಗ ಅಂತ ಅವರ ಮಾತು. ತಿಂಗಳಿನಾಗ ಆರು ದಿನದ ಪಗಾರ ತೆರಿಗೆಗೆ ಹೋದ್ರ ಆರು ದಿನ ನಾನು ಬ್ಯಾರೆಯವರಿಗಾಗಿ ಬಿಟ್ಟಿ ದುಡದಂಗ ಆತಲ್ಲ, ಉದ್ದೇಶ ಒಳ್ಳೇದಿದ್ರ ಒತ್ತಾಯ ಸರಿ ಆಗ್ತೈತೇನು? ನಮ್ಮ ಕಡಿ ಜೀತ ಅಂದ್ರೇನು ಅಂತ ಗೊತ್ತಿದ್ದವರಿಗೆ ಇದು ಚುಚ್ಚೋ ಪ್ರಶ್ನೆ, ಸುಮ್ನ ತಳ್ಳಿ ಹಾಕಾಕ ಬರಂಗಿಲ್ಲ. ಒಂದು ರಾತ್ರಿ ಅದರ ಜೋಡಿ ಮಲಗ್ರಿ.

ಆಮ್ಯಾಲ ನಾಕನೇದಕ್ಕ ಬರ್ರಿ: ತೆರಿಗೆಗಿಂತ ಮೊದಲು ‘ನನ್ನದು’ ಅನ್ನೋದು ಎಷ್ಟು ನನ್ನದು? ನೋಜಿಕ್ ವಾದ ನಿಂತಿರೋದು ನಾನು ಗಳಿಸಿದ್ದು ಪೂರ್ತಿ ನನ್ನ ಮೈ ಬೆವರಿನಿಂದನೇ ಬಂತು ಅನ್ನೋದರ ಮ್ಯಾಲ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯಾಗ ಕುಂತು ಇದನ್ನ ಪರೀಕ್ಷೆ ಮಾಡೋದು ಬಾಳ ಸುಲಭ.

ತುಂಗಭದ್ರಾ ಎಡದಂಡೆ ಕಾಲುವಿ ಭತ್ತದ ಗದ್ದಿ ತಗೋರಿ. ಆ ಡ್ಯಾಮಿನ ಕೆಲಸ 1945ರಾಗ ಸುರುವಾಗಿ 1953ರಾಗ ಮುಗೀತು, ರೊಕ್ಕ ಹಾಕಿದ್ದು ಸರ್ಕಾರಗಳು, ಮುಳುಗಿದ್ದು ಬ್ಯಾರೆಯವರ ಊರುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿ ಹೋದಾಗ ನಾವೆಲ್ಲ ಉಸಿರು ಬಿಗಿ ಹಿಡಕೊಂಡು ಕುಂತಿದ್ವಿ, ಹರಿಯೋ ನೀರಿನಾಗ ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟು) ಇಳಿಸಿದ್ದು ಎಲ್ಲರ ರೊಕ್ಕದಾಗ. ಯೂರಿಯಾ ಚೀಲ ನಮಗ 266 ರೂಪಾಯಿ ಚಿಲ್ಲರೆಗೆ ಸಿಗೋದು, ಹತ್ತು ಎಚ್‌ಪಿ ತನಕ ಪಂಪ್‌ಸೆಟ್ ಕರೆಂಟ್ ಫ್ರೀ ಇರೋದು, ಕೃಷಿ ಆದಾಯಕ್ಕ ಇನ್‌ಕಮ್ ಟ್ಯಾಕ್ಸ್ ಇಲ್ಲದ್ದು, ಇವೆಲ್ಲ ಸೇರಿನೇ ಗದ್ದಿ ಲಾಭ ಅನ್ನೋದು ನಿಂತೈತಿ. ರೈತರಿಗೆ ಇದು ಬ್ಯಾಡ ಅಂತ ನಾನು ಅನ್ನಂಗಿಲ್ಲ, ಬೇಕು, ಆದ್ರ ಇದೆಲ್ಲ ತಗೊಂಡು ಅಕ್ಕಿ ಚೀಲ ಹೊತ್ತು ಹೋಗೋರನ್ನ ನೋಡಿ ‘ಫ್ರೀ’ ಅನ್ನೋದು ಮಾತ್ರ ನ್ಯಾಯ ಅಲ್ಲ. ಮ್ಯಾಲಿನವರು ನೀರು ಜಾಸ್ತಿ ತಿರುಗಿಸಿಕೊಂಡು ಮಾನ್ವಿ, ರಾಯಚೂರು ಕಡಿ ಕೊನೆ ಭಾಗದ ರೈತರು ಒಣ ಕಾಲುವಿ ನೋಡ್ಕೊಂತ ಕುಂದ್ರೋದು ಪ್ರತಿ ಬ್ಯಾಸಿಗಿ ನಡದಿದ್ದ ಐತಿ, ಅಲ್ಲಿ ಒಬ್ಬರ ಗಳಿಕೆಯೊಳಗ ಇನ್ನೊಬ್ಬರ ಪಾಲೂ ಹರದು ಬಂದಿರ್ತೈತಿ.

ಬಳ್ಳಾರಿಯವರಿಗಂತೂ ಇನ್ನೂ ನಿಚ್ಚಳ ಉದಾಹರಣೆ ಐತಿ. ಸಂಡೂರು ಗುಡ್ಡದ ಅದುರು ಯಾರ ಬೆವರಿನಿಂದನೂ ಹುಟ್ಟಿದ್ದಲ್ಲ. ಅದನ್ನ ಅಗದು ಮಾರಿದವರು ಶ್ರೀಮಂತರಾದ್ರು, ಧೂಳು ಕುಡದವರು ಕೆಮ್ಮಿಕೊಂತ ಉಳದ್ರು. 2011ರ ಜುಲೈ 27ಕ್ಕ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಕೊಟ್ಟ ವರದಿಯೊಳಗ ರಾಜ್ಯಕ್ಕಾದ ನಷ್ಟ 16,085 ಕೋಟಿ ಅಂತ ಬರದಿದ್ರು, ಎರಡ ದಿನಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯೊಳಗ ಗಣಿಗಾರಿಕೆ ನಿಲ್ಲಿಸಿತು. ತೆರಿಗೆ ಅಂದ್ರ ಕಳವು ಅನ್ನೋರು ಈ ವರದಿ ಮುಂದ ಇಟ್ಟುಕೊಂಡು ಹೇಳ್ಬೇಕು, ಎಲ್ಲರ ಸ್ವತ್ತನ್ನ ರಾಜಧನ (ಅದುರು ತೆಗೆಯೋರು ಸರ್ಕಾರಕ್ಕ ಕಟ್ಟೋ ಪಾಲು) ಕಟ್ಟದ ಒಯ್ದದ್ದಕ್ಕ ಏನಂತ ಕರೀಬೇಕು? ರಾಜಧನ ತೆರಿಗೆ ಅಲ್ಲ ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2024ರ ಜುಲೈ 25ಕ್ಕ ಬಹುಮತದಿಂದ ಹೇಳೈತಿ, ಕಾನೂನಿನಾಗ ಅದು ಬ್ಯಾರೆನೇ, ಆದ್ರ ನಮ್ಮ ಪ್ರಶ್ನೆಗೆ ಅದು ಹತ್ತಿರದ್ದು. ಗಣಿ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ಹಳೇ ಗಣಿಗಳು ರಾಜಧನದ 30 ಪರ್ಸೆಂಟ್, ಹರಾಜಿನಾಗ ತಗೊಂಡವು 10 ಪರ್ಸೆಂಟ್ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕ ಕಟ್ಟಬೇಕು, ಅದು ಗಣಿ ಬಾಧಿತ ಊರುಗಳ ನೀರು, ಸಾಲಿ, ದವಾಖಾನಿಗೆ ಹೋಗ್ಬೇಕು. ಇದನ್ನ ಯಾರೂ ಬಿಟ್ಟಿ ಭಾಗ್ಯ ಅನ್ನಂಗಿಲ್ಲಲ್ಲ, ಹಂಗಾದ್ರ ಅದ ತರ್ಕನ ಸ್ವಲ್ಪ ಮುಂದಕ್ಕ ಒಯ್ರಿ.

ಇಷ್ಟಾದ ಮ್ಯಾಲ ನೋಜಿಕ್‌ಗೆ ನನ್ನ ಉತ್ತರ ಹಿಂಗ: ನನ್ನ ಬೆವರು ನನ್ನದು, ಆದ್ರ ಗಳಿಕೆ ಅನ್ನೋದು ಬೆವರು ಒಂದ ಅಲ್ಲ, ಅದರಾಗ ರಸ್ತಿ ಐತಿ, ಕಾಲುವಿ ಐತಿ, ಸರ್ಕಾರಿ ಸಾಲಿ ಮಾಸ್ತರು ಅದಾರ, ಜಮೀನು ನನ್ನ ಹೆಸರಿಗೆ ಐತಿ ಅಂತ ಕಾಯೋ ಪಹಣಿ, ಕೋರ್ಟು ಅದಾವ. ಇವು ಇಲ್ಲದ ಕಡಿ ‘ನನ್ನ ಆದಾಯ’ ಅನ್ನೋ ಲೆಕ್ಕಾನೇ ಹುಟ್ಟಂಗಿಲ್ಲ. ಅದರಾಗಿನ ಸಮಾಜದ ಪಾಲು ಸಮಾಜಕ್ಕ ವಾಪಸ್ ಹೋದ್ರ ಅದು ಜೀತ ಅಲ್ಲ. ಪೂರ್ತಿ ತಗೊಂಡ್ರ ಮಾತ್ರ ಅವರ ಮಾತು ನಿಜ ಆಗ್ತೈತಿ, ಅದಕ್ಕ ‘ಎಷ್ಟು’ ಅನ್ನೋ ಪ್ರಶ್ನೆ ಯಾವಾಗಲೂ ಜೀವಂತ ಇರ್ಬೇಕು.

ಇನ್ನೊಂದು, ನಮ್ಮವರು ಮರೀಬಾರದ್ದು. ‘ನಮ್ಮ ಟ್ಯಾಕ್ಸ್ ನಮಗ’ ಅನ್ನೋ ಮಾತನ್ನ ಬೆಂಗಳೂರಿನವರು ಸುರು ಮಾಡಿದ್ರ ನಾವೇನಂತೀವಿ? 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದ 114 ತಾಲೂಕು ಹಿಂದುಳದಾವು, ಅದರಾಗ 39 ಅತ್ಯಂತ ಹಿಂದುಳದಾವು ಅಂತ ಹೇಳಿತ್ತು, ಅದರಾಗ ನಮ್ಮ ಭಾಗದವು ಎಷ್ಟು ಅಂತ ನಿಮಗ ಗೊತ್ತು. ವರ್ಷಾನುಗಟ್ಟಲೆ ಹೋರಾಟ ಮಾಡಿ ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371ಜೆ ತಂದ್ವಿ, ಕಲ್ಯಾಣ ಕರ್ನಾಟಕ ಮಂಡಳಿಗೆ 2025-26ರ ಬಜೆಟ್ಟಿನಾಗ 5,000 ಕೋಟಿ ಇಟ್ರು. ಅದು ಭಿಕ್ಷೆ ಅಲ್ಲ, ಹಕ್ಕು ಅಂತನೇ ನಾವು ಹೇಳ್ತೀವಿ, ಸರಿನೂ ಐತಿ. ಜಿಲ್ಲೆಗೆ ಹಕ್ಕು ಅಂತ ಅನಸಿದ್ದು ಓಣ್ಯಾಗಿನ ವಿಧವೆಗೆ ಬಂದಾಗ ಭಿಕ್ಷೆ ಆಗಬಾರದು.

ಐದನೇದು ದಾನದ ಪ್ರಶ್ನೆ. ‘ಬಡವರಿಗೆ ಕೊಡಬೇಕು, ಒಪ್ತೀನಿ, ಆದ್ರ ಒತ್ತಾಯ ಯಾಕ, ಮನಸ್ಸಿನಿಂದ ಕೊಟ್ರ ಸಾಲ್ದೇನು’ ಅನ್ನೋರು ಒಳ್ಳೇ ಜನಾನೇ ಇರ್ತಾರ. ಕೊಪ್ಪಳದ ಗವಿಮಠದ ಜಾತ್ರಿ ಕಂಡವರು ದಾನ ಸಣ್ಣದು ಅನ್ನಾಕ ಸಾಧ್ಯನೇ ಇಲ್ಲ, ಊರೂರಿನಿಂದ ಟ್ರ್ಯಾಕ್ಟರಿನಾಗ ಜ್ವಾಳದ ರೊಟ್ಟಿ ಬರ್ತಾವ, ಯಾರೂ ಯಾರಿಗೂ ಜಾತಿ ಕೇಳಂಗಿಲ್ಲ, ರಸೀದಿ ಕೇಳಂಗಿಲ್ಲ, ಲಕ್ಷಗಟ್ಟಲೆ ಮಂದಿ ಉಂಡು ಹೋಗ್ತಾರ. ಅದು ನಮ್ಮ ಭಾಗದ ದೊಡ್ಡ ಗುಣ, ಅದಕ್ಕ ಕೈ ಮುಗೀತೀನಿ. ಆದ್ರ ಜಾತ್ರಿ ಜನವರಿಯಾಗ ಬರ್ತೈತಿ, ಹಸಿವು ಜೂನಿನಾಗೂ ಬರ್ತೈತಿ, ದೇವದುರ್ಗದ ತಾಂಡಾದಾಗ ಬರ್ತೈತಿ, ಗುಳೆ ಹೋದವರ ಜೋಪಡಿಯೊಳಗ ಬರ್ತೈತಿ. 2011ರಾಗ ರಾಯಚೂರು ಜಿಲ್ಲೆಯೊಳಗ ಅಪೌಷ್ಟಿಕತೆಯಿಂದ ಮಕ್ಕಳು ಸತ್ತ ಸುದ್ದಿ ಬಂತು, ವಿಷಯ ಹೈಕೋರ್ಟಿಗೆ ಹೋತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ ಸಮಿತಿ ವರದಿ ಕೊಡೋ ಪರಿಸ್ಥಿತಿ ಬಂತು. ದಾನಿಗಳಿಲ್ಲದ ಜಿಲ್ಲೆ ಅಲ್ಲ ಅದು. ದಾನ ಕೊಡೋರಿಗೆ ಮನಸ್ಸು ಬಂದಾಗ, ಅವರ ಕಣ್ಣಿಗೆ ಬಿದ್ದವರಿಗೆ ಮುಟ್ಟತೈತಿ. ಕೂಸಿನ ತತ್ತಿ ಅದರ ಮ್ಯಾಲ ನಿಲ್ಲಬಾರದು.

ಹಕ್ಕು ಆದ್ರ ಏನಾಗ್ತೈತಿ ನೋಡ್ರಿ. 2001ರ ನವೆಂಬರ್ 28ಕ್ಕ ಸುಪ್ರೀಂ ಕೋರ್ಟು ಸರ್ಕಾರಿ ಸಾಲಿ ಮಕ್ಕಳಿಗೆ ಬೇಯಿಸಿದ ಊಟ ಕೊಡ್ರಿ ಅಂತ ಆದೇಶ ಮಾಡ್ತು, 2002ರ ಜೂನಿನಾಗ ರಾಜ್ಯದೊಳಗ ಬಿಸಿಯೂಟ ಮೊದಲು ಸುರುವಾದ ಜಿಲ್ಲೆಗಳಾಗ ರಾಯಚೂರು, ಕೊಪ್ಪಳ, ಬಳ್ಳಾರಿ ಇದ್ದುವು. 2021ರ ಡಿಸೆಂಬರಿನಾಗ ತತ್ತಿ ಬಂದಾಗಲೂ ನಮ್ಮ ಜಿಲ್ಲೆಗಳೇ ಮೊದಲು. ಊಟ ಬರ್ಲಿಲ್ಲ ಅಂದ್ರ ತಾಯಿ ಹೋಗಿ ಹೆಡ್ ಮಾಸ್ತರನ್ನ ‘ಯಾಕ ಬಂದಿಲ್ರಿ’ ಅಂತ ನಿಂತು ಕೇಳ್ತಾಳ, ದಾನಿ ಮನಿ ಮುಂದ ಹಂಗ ಕೇಳಾಕ ಅಕಿಗೆ ಬಾಯಿ ಬರಂಗಿಲ್ಲ. ನನಗ ಈ ವಿಷಯದಾಗ ಎಲ್ಲಕ್ಕಿಂತ ದೊಡ್ಡದು ಇದ.

ಈ ಮಾತು ಬಂದಾಗ ಯಾರಾದ್ರೂ ಆಯ್ದಕ್ಕಿ ಲಕ್ಕಮ್ಮನ ಹೆಸರು ತೆಗೀತಾರ, ‘ಬಿಟ್ಟಿ ತಗೋಬಾರದು ಅಂತ ಅಕಿನ ಹೇಳ್ಯಾಳ’ ಅಂತ. ಲಿಂಗಸುಗೂರು ತಾಲೂಕಿನ ಅಮರೇಶ್ವರದ ದಂಪತಿ ಅವರು, ನಮ್ಮವರ. ಕತಿ ಸರಿಯಾಗಿ ನೆನಪು ಮಾಡ್ಕೋರಿ: ಮಾರಯ್ಯ ದಿನದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಬೇಕಾದ್ದಕ್ಕಿಂತ ಹೆಚ್ಚಿಂದನ್ನ ವಾಪಸ್ ಸುರದು ಬಾ ಅಂದ್ಲು. ಹಸದವರು ಉಣಬಾರದು ಅಂತ ಅಕಿ ಎಲ್ಲೂ ಅಂದಿಲ್ಲ. ಅಕಿ ಮಾತು ಮೊದಲು ತಾಗೋದು ಕಾರಿಟ್ಟುಕೊಂಡು ಬಿಪಿಎಲ್ ಕಾರ್ಡ್ ಹಿಡದವರಿಗೆ, ಕಾಲುವಿ ನೀರು ಕದ್ದವರಿಗೆ, ಪರ್ಮಿಟ್ ಇಲ್ಲದ ಅದುರು ಸಾಗಿಸಿದವರಿಗೆ.

ಆರನೇದು, ಒಂದೊಂದು ಸ್ಕೀಮನ್ನ ಬ್ಯಾರೆ ಬ್ಯಾರೆ ತೂಗೋದು. ಎಲ್ಲಾ ಒಳ್ಳೇದು ಅನ್ನೋದೂ ಎಲ್ಲಾ ಕೆಟ್ಟದ್ದು ಅನ್ನೋದೂ ಎರಡೂ ಆಲಸಿತನ. ಇದು ಇಲ್ಲದಿದ್ರ ಯಾರ ಜೀವನದಾಗ ಏನು ನಿಲ್ತೈತಿ ಅಂತ ಕೇಳ್ರಿ, ನಿಜವಾಗಿ ಬೇಕಾದವರಿಗೆ ಮುಟ್ಟತೈತೇನು ಅಂತ ಕೇಳ್ರಿ, ಇದಕ್ಕ ಹೋದ ರೊಕ್ಕದಿಂದ ಬ್ಯಾರೆ ಏನು ನಿಂತೈತಿ ಅಂತನೂ ಕೇಳ್ರಿ. 2025-26ರ ರಾಜ್ಯ ಬಜೆಟ್ಟು 4,09,549 ಕೋಟಿ, ಅದರಾಗ ಐದು ಗ್ಯಾರಂಟಿಗೆ 51,034 ಕೋಟಿ, ಅಂದ್ರ ನೂರು ರೂಪಾಯಿಗೆ ಹನ್ನೆರಡೂವರಿ. ‘ಎಲ್ಲಾ ರೊಕ್ಕ ಅದಕ್ಕ ಹೋತು’ ಅನ್ನೋದು ಸುಳ್ಳು, ‘ಏನೂ ಭಾರ ಇಲ್ಲ’ ಅನ್ನೋದೂ ಸುಳ್ಳು. ಮನಿ ಯಜಮಾನಿಗೆ ತಿಂಗಳಿಗೆ ಕೊಡೋ ಗೃಹಲಕ್ಷ್ಮಿ 2,000 ನನಗ ಸರಿ ಅನಸ್ತೈತಿ, ಮನಿ ಕೆಲಸಕ್ಕ ಒಂದ್ ಪೈಸೆ ಕಾಣದ ಹೆಣ್ಮಕ್ಕಳ ಅಕೌಂಟಿಗೆ ನೇರ ಬರ್ತೈತಿ, ಇನ್‌ಕಮ್ ಟ್ಯಾಕ್ಸ್ ಕಟ್ಟೋರ ಮನಿಗೆ ಇಲ್ಲ ಅನ್ನೋ ಗೆರಿನೂ ಐತಿ. ಬಸ್ ಫ್ರೀಗೆ ಅಂಥ ಗೆರಿ ಇಲ್ಲ, ಅದರ ಬಗ್ಗೆ ವಾದ ಮಾಡಾಕ ಜಾಗ ಐತಿ, ಆದ್ರ ರಾಯಚೂರು ರಿಮ್ಸ್‌ಗೆ ತೋರಿಸಾಕ ಹಳ್ಳಿಯಿಂದ ಬರೋ ಮುದುಕಿಗೆ ದಾರಿ ಖರ್ಚಿಗಾಗಿ ಮಗನ ಮುಂದ ಕೈ ಚಾಚೋದು ನಿಂತೈತಿ ಅನ್ನೋದನ್ನೂ ತಕ್ಕಡಿಗೆ ಹಾಕ್ರಿ.

ಯಾರಿಂದ ಅನ್ನೋದು ಏಳನೇದು, ನನಗ ಬ್ಯಾಸರ ಇರೋದು ಇಲ್ಲೇ. 2025-26ಕ್ಕ ಅಬಕಾರಿ ಗುರಿ 40 ಸಾವಿರ ಕೋಟಿ ಇಟ್ರು. ಕೂಲಿ ಮಾಡೋ ಗಂಡಸಿನ ಕುಡಿತದಿಂದ ಬಂದ ರೊಕ್ಕನ ಅವನ ಹೆಂಡ್ತಿ ಅಕೌಂಟಿಗೆ ಹಾಕೋದು ನೈತಿಕವಾಗಿ ದುರ್ಬಲ ವ್ಯವಸ್ಥೆ, ಕಲ್ಯಾಣನ ಬೆಂಬಲಿಸೋರು ಇದನ್ನ ಮೊದಲು ಹೇಳ್ಬೇಕು. ನೂರಾರು ಎಕರೆ ಆದಾಯ ತೋರಿಸಿ ಬ್ಯಾರೆ ವ್ಯವಹಾರದ ಲಾಭನ ಕೃಷಿ ಅಂತ ಬರಸೋರನ್ನ ಬಿಟ್ಟು ಎಣ್ಣಿ ಪ್ಯಾಕೆಟ್ಟಿನ ಮ್ಯಾಲ ತೆರಿಗೆ ಹಾಕೋದು ಸರಿ ಅಲ್ಲ. ತೆರಿಗೆ ನ್ಯಾಯ ಅಂದವರು ಇಂಥ ತೆರಿಗೆ ಅನ್ಯಾಯ ಅಂತನೂ ಅನ್ನಬೇಕು.

ಎಂಟನೇದು ಮಾತಾಡೋ ರೀತಿ. ಹಿರಿಯರ ಜೋಡಿ ವಾದ ಮಾಡುವಾಗ ‘ನಿಮಗ ಗೊತ್ತಿಲ್ಲ’ ಅಂತ ಸುರು ಮಾಡಬ್ಯಾಡ್ರಿ, ಕಿವಿ ಅಲ್ಲೇ ಮುಚ್ಚತಾವ. ‘ಕಾಕಾ, ತೆರಿಗೆನೇ ತಪ್ಪೋ, ಇಲ್ಲಾ ಈ ಸ್ಕೀಮು ತಪ್ಪೋ, ಯಾವ್ದು ಹೇಳ್ರಿ’ ಅಂತ ಕೇಳ್ರಿ, ಅವರ ಬಾಯಿಂದನ ಪ್ರಶ್ನೆ ಬ್ಯಾರೆ ಆಗ್ಲಿ. ರೈಸ್ ಮಿಲ್ ಮಾವಾರು ‘ನಾನು ಇಷ್ಟು ಕಟ್ತೀನಿ’ ಅಂದ್ರ ಅದನ್ನ ಗೌರವದಿಂದ ಒಪ್ಪಿಕೋರಿ, ಕಟ್ಟೋದು ಸಣ್ಣ ಮಾತಲ್ಲ, ಆಮ್ಯಾಲ ‘ಮಾವಾರ, ಹಂಗಾದ್ರ ಅದು ಎಲ್ಲಿ ಹೋತು ಅಂತ ಇಬ್ರೂ ಕೂಡಿ ಕೇಳೋಣೇನು’ ಅನ್ರಿ.

ಕೇಳೋದು ಹೆಂಗ ಅನ್ನೋದ ಕೊನೇ ಕೆಲಸ. ಬಸವಣ್ಣ ಬಿಜ್ಜಳನ ಭಂಡಾರಿ ಆಗಿದ್ದಾಗ ಭಂಡಾರದ ರೊಕ್ಕ ದಾಸೋಹಕ್ಕ ಸುರದಾನ ಅಂತ ಕೊಂಡಿ ಮಂಚಣ್ಣ ಚಾಡಿ ಹೇಳಿದ, ಲೆಕ್ಕ ತೆಗೆದು ನೋಡಿದ್ರ ಭಂಡಾರ ಸರಿ ಇತ್ತು ಅಂತ ಕತಿ ಐತಿ. ಜನರ ರೊಕ್ಕ ಮುಟ್ಟಿದವರು ಯಾರೇ ಇರ್ಲಿ ಲೆಕ್ಕ ಬಿಚ್ಚಿ ತೋರಿಸ್ಬೇಕು. ನಿಮ್ಮ ಪಂಚಾಯಿತಿಯೊಳಗ ವರ್ಷಕ್ಕೊಮ್ಮೆ ಜಮಾಬಂದಿ ಆಗ್ತೈತಿ, ವರ್ಷದ ಜಮಾ ಖರ್ಚಿನ ದಾಖಲೆ ಜನರ ಮುಂದ ಇಡಬೇಕು, ತಾರೀಖು ಪಿಡಿಒ ಕಡಿ ಕೇಳಿ ಇಟ್ಟುಕೊಂಡು ಹೋಗ್ರಿ. ಅಲ್ಲಿ ಸಿಗದಿದ್ದಕ್ಕ 2005ರ ಮಾಹಿತಿ ಹಕ್ಕು ಕಾಯ್ದೆ ಐತಿ. ಬಿಳಿ ಹಾಳಿ ಮ್ಯಾಲ ಒಂದ ವಿಷಯ, 150 ಪದದ ಒಳಗ, 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಇದ್ರ ಕಾರ್ಡಿನ ಜೆರಾಕ್ಸ್ ಹಚ್ಚಿದ್ರ ಫೀಸ್ ಇಲ್ಲ. ‘ಭ್ರಷ್ಟಾಚಾರ ಯಾಕ ಆಗೈತಿ’ ಅಂತ ಬರದ್ರ ಉತ್ತರ ಬರಂಗಿಲ್ಲ, ‘ಈ ವರ್ಷ ಖನಿಜ ಪ್ರತಿಷ್ಠಾನದಿಂದ ನಮ್ಮ ಊರಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಬಿಲ್ ಪ್ರತಿ, ಕೆಲಸ ಮುಗಿದ ಪ್ರಮಾಣ ಪತ್ರದ ಪ್ರತಿ ಕೊಡ್ರಿ’ ಅಂತ ದಾಖಲೆ ಹೆಸರು ಹಿಡದು ಕೇಳ್ರಿ. 30 ದಿನದಾಗ ಉತ್ತರ ಬರ್ಬೇಕು, ಬರದಿದ್ರ ಮುಂದಿನ 30 ದಿನದೊಳಗ ಅದ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕ್ರಿ, ಅರ್ಜಿ ಕೊಟ್ಟ ಸ್ವೀಕೃತಿ ಮಾತ್ರ ಕಳಕೋಬ್ಯಾಡ್ರಿ.